ಬೂಟು ಕಳಚಿದ ಮೇಲೂ ಮೈದಾನ ಬಿಡದ ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್

2020ರ ಅಕ್ಟೋಬರ್ 12ರ ಬೆಳಗಿನ ಜಾವ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಭಾರತ ಫುಟ್ಬಾಲ್ ತಂಡದ ಮಾಜಿ ನಾಯಕ ಕಾರ್ಲ್‌ಟನ್ ಚಾಪ್‌ಮನ್ ಹೃದಯಾಘಾತದಿಂದ ನಿಧನ ಹೊಂದಿದರು. ಆಗ ಅವರಿಗೆ ಕೇವಲ 49 ವರ್ಷ. ಅದು ಕೊರೊನಾ ಕಾಲ. ದುಬೈ, ಅಬುಧಾಬಿ, ಶಾರ್ಜಾಗಳಲ್ಲಿ ಐಪಿಎಲ್ ಕ್ರಿಕೆಟ್ ನಡೆಯುತ್ತಿತ್ತು, ಕ್ರೀಡಾಪುಟಗಳಲ್ಲೆಲ್ಲ ಅದರದೇ ಸುದ್ದಿ. ಬೆಂಗಳೂರಿನಲ್ಲಿ ಹುಟ್ಟಿ ಭಾರತ ತಂಡವನ್ನು ಮುನ್ನಡೆಸಿದ ಆಟಗಾರನೊಬ್ಬ ಹೋದದ್ದು ನಮ್ಮಲ್ಲಿ ಎಷ್ಟೋ ಜನರಿಗೆ ತಿಳಿಯಲೂ ಇಲ್ಲ.

ತಿಳಿದವರು ಬರೆದ ಶ್ರದ್ಧಾಂಜಲಿಗಳಲ್ಲೂ ಒಂದು ಕೊರತೆ ಇತ್ತು. ಈಸ್ಟ್ ಬೆಂಗಾಲ್‌ನಲ್ಲಿ ಆಡಿದ್ದು, ಜೆಸಿಟಿಯಲ್ಲಿ ಗೆದ್ದದ್ದು, ಭಾರತದ ಪರ ಕಣಕ್ಕಿಳಿದದ್ದು ಇವೆಲ್ಲ ವಿವರವಾಗಿ ಬಂದವು. ಆದರೆ ದೊಡ್ಡ ಕ್ಲಬ್ಬುಗಳಲ್ಲಿ ಚಾಪ್‌ಮನ್ ಆಡಿದ್ದು 1993ರಿಂದ 2001ರವರೆಗೆ, ಅಂದರೆ 8 ವರ್ಷ. ಆಟ ಬಿಟ್ಟ ಮೇಲೆ ಅವರು ಬದುಕಿದ್ದು 19 ವರ್ಷ. ಆ ಅವಧಿಯಲ್ಲಿ ಕೋಚ್ ಆಗಿ ಜಮ್ಶೆಡ್‌ಪುರ, ಶಿಲ್ಲಾಂಗ್, ಕೊಲ್ಕತ್ತಾ, ದೆಹಲಿ, ಬೆಂಗಳೂರು, ಕಲ್ಲಿಕೋಟೆ ಎಂದು ಊರೂರು ಸುತ್ತಿದರು. ಈ ಎರಡನೆಯ ಅಧ್ಯಾಯಕ್ಕೆ ಪತ್ರಿಕೆಗಳಲ್ಲಿ ಸಿಕ್ಕಿದ್ದು ಕೊನೆಯ ಎರಡು ಸಾಲು ಮಾತ್ರ. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಆ ಎರಡು ಸಾಲಿನಲ್ಲೇ ಹೆಚ್ಚು ವಿಷಯವಿದೆ ಎಂದು ನನಗೆ ಅನಿಸುತ್ತದೆ.

ಫುಟ್ಬಾಲಿಗೆ ಹದವಾದ ಬೆಂಗಳೂರಿನ ಮಣ್ಣು

ಬೆಂಗಳೂರು ಎಂದರೆ ಇಂದಿನವರಿಗೆ ಕ್ರಿಕೆಟ್ ಮತ್ತು ಕಂಪ್ಯೂಟರ್. ಆದರೆ ಆ ಊರಿನ ದಂಡು ಪ್ರದೇಶದಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಫುಟ್ಬಾಲ್ ಬೇರೂರಿದೆ. ಮುಂಬಯಿಯ ಪ್ರತಿಷ್ಠಿತ ರೋವರ್ಸ್ ಕಪ್ಪನ್ನು ಬ್ರಿಟಿಷ್ ಪಲ್ಟಣಗಳ ಕೈಯಿಂದ ಕಸಿದುಕೊಂಡ ಮೊದಲ ಭಾರತೀಯ ನಾಗರಿಕ ತಂಡ ಬೆಂಗಳೂರು ಮುಸ್ಲಿಮ್ಸ್. 1937ರಲ್ಲಿ ಗೆದ್ದು, 1938ರಲ್ಲಿ ಮತ್ತೆ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಪರ ಫ್ರಾನ್ಸ್ ವಿರುದ್ಧ ಗೋಲು ಹೊಡೆದ ಎಸ್. ರಾಮನ್ ಬೆಂಗಳೂರಿನವರು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಮತ್ತು ಧನರಾಜ್ ಕೂಡ ಇದೇ ಊರಿನವರು. ಮುಂದೆ ಕೊಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ 'ಪಂಚಪಾಂಡವರು' ಎಂದೇ ಪ್ರಸಿದ್ಧರಾದ ಐವರು ಮುನ್ಪಡೆ ಆಟಗಾರರಲ್ಲಿ ಈ ಇಬ್ಬರಿದ್ದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ಭಾರತ ತಂಡದಲ್ಲಿ ಕೆಂಪಯ್ಯ ಇದ್ದರು.

ಮೈಸೂರು ರಾಜ್ಯದ ಹೆಸರಿನಲ್ಲಿ 4 ಸಲ ಸಂತೋಷ್ ಟ್ರೋಫಿ ಬಂದದ್ದು ಹಿರಿಯರಿಗೆ ನೆನಪಿರಬಹುದು. ಕೊನೆಯ ಗೆಲುವು 1968-69ರದ್ದು. ಬೆಂಗಳೂರಿನ ಐಟಿಐ, ಎಚ್‌ಎಎಲ್ ಮುಂತಾದ ಕಾರ್ಖಾನೆಗಳು ತಮ್ಮದೇ ತಂಡ ಕಟ್ಟಿಕೊಂಡಿದ್ದವು. 1977ರಲ್ಲಿ ನಡೆದ ಮೊಟ್ಟಮೊದಲ ಫೆಡರೇಷನ್ ಕಪ್‌ನಲ್ಲಿ ದೂರವಾಣಿ ತಯಾರಿಸುವ ಐಟಿಐ ಕಾರ್ಖಾನೆಯ ತಂಡ ಬಲಾಢ್ಯ ಮೋಹನ್ ಬಾಗಾನನ್ನು ಸೋಲಿಸಿ ಕಪ್ ಎತ್ತಿತು ಎಂದರೆ ಇಂದು ನಂಬುವುದು ಕಷ್ಟ. 1971ರ ಏಪ್ರಿಲ್ 13ರಂದು ಚಾಪ್‌ಮನ್ ಹುಟ್ಟಿದ್ದು ಈ ಬೆಂಗಳೂರಿನಲ್ಲಿ.

ಆಂಗ್ಲೋ-ಇಂಡಿಯನ್ ಹೆಸರು ನೋಡಿ ಅವರನ್ನು ನಮ್ಮವರೆಂದು ಕರೆಯಲು ಕೆಲವರು ಹಿಂದೆಮುಂದೆ ನೋಡಬಹುದು. ಉರ್ದು, ತಮಿಳು, ತೆಲುಗು, ಕನ್ನಡ, ಇಂಗ್ಲಿಷ್ ಎಲ್ಲವೂ ಒಂದೇ ಬೀದಿಯಲ್ಲಿ ಕೇಳಿಸುವ ಆ ಬಡಾವಣೆಗಳಿಂದಲೇ ನಮ್ಮ ರಾಜ್ಯದ ಫುಟ್ಬಾಲ್ ಬಂದಿದೆ. ಪುಣೆಯಲ್ಲಿ ಮೂರು ತಲೆಮಾರು ಕಳೆದರೂ ನಮ್ಮನ್ನು ಹೊರಗಿನವರೆಂದು ಯಾರಾದರೂ ಕರೆದರೆ ನಮಗೆ ನೋವಾಗುತ್ತದೆಯಲ್ಲವೆ? ಆ ನ್ಯಾಯವೇ ಅವರಿಗೂ.

19ರ ಹರೆಯದಲ್ಲಿ ಊರು ಬಿಟ್ಟ ಹುಡುಗ

ಬೆಂಗಳೂರಿನ ಸದರ್ನ್ ಬ್ಲೂಸ್ ಎಂಬ ಕ್ಲಬ್ಬಿನಲ್ಲಿ ಆಡುತ್ತಿದ್ದ ಚಾಪ್‌ಮನ್ 1990ರಲ್ಲಿ ಜಮ್ಶೆಡ್‌ಪುರದ ಟಾಟಾ ಫುಟ್ಬಾಲ್ ಅಕಾಡೆಮಿಗೆ ಆಯ್ಕೆಯಾದರು. 1987ರಲ್ಲಿ ಆರಂಭವಾದ ಆ ಅಕಾಡೆಮಿ ದೇಶದ ಮೂಲೆಮೂಲೆಯ ಹುಡುಗರನ್ನು ಆರಿಸಿ, ಊಟ, ವಸತಿ, ಓದಿನ ಜೊತೆಗೆ ತರಬೇತಿ ಕೊಡುತ್ತಿತ್ತು. ಹತ್ತೊಂಬತ್ತರ ಹರೆಯದಲ್ಲಿ ಟ್ರಂಕು ಹಿಡಿದು ಭಾಷೆ ತಿಳಿಯದ ಊರಿಗೆ ರೈಲು ಹತ್ತುವುದೆಂದರೆ ಏನೆಂದು ನಮ್ಮ ಪೀಳಿಗೆಯ ಹೊರನಾಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾವು ಹಗಲು ಕೆಲಸ, ಸಂಜೆ ಕಾಲೇಜು ಎಂದು ಓಡಾಡುತ್ತಿದ್ದ ಆ ವರ್ಷಗಳಲ್ಲೇ ಅವರು ಅಲ್ಲಿ ಬೆಳಗ್ಗೆ ಸಂಜೆ ಚೆಂಡಿನ ಹಿಂದೆ ಓಡುತ್ತಿದ್ದರು.

1993ರಲ್ಲಿ ಈಸ್ಟ್ ಬೆಂಗಾಲ್ ಅವರನ್ನು ಸೇರಿಸಿಕೊಂಡಿತು. ಮೊದಲ ವರ್ಷದಲ್ಲೇ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯದಲ್ಲಿ ಇರಾಕ್ ದೇಶದ ಅಲ್ ಜಾವ್ರಾ ತಂಡ ಎದುರಾಯಿತು. ಅದು ಇರಾಕಿನ ಹೆಸರುವಾಸಿ ಕ್ಲಬ್. ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಿತು, ಅದರಲ್ಲಿ 3 ಗೋಲು 22 ವರ್ಷದ ಚಾಪ್‌ಮನ್‌ರದ್ದು. ಭಾರತದ ಕ್ಲಬ್ಬೊಂದು ಪಶ್ಚಿಮ ಏಷ್ಯಾದ ಬಲಿಷ್ಠ ತಂಡವನ್ನು ಹೀಗೆ ಸೋಲಿಸಿದ್ದು ಅಪರೂಪ. ಗಮನಿಸಬೇಕಾದ್ದೆಂದರೆ ಚಾಪ್‌ಮನ್ ಗೋಲು ಹೊಡೆಯುವುದೇ ಕೆಲಸವಾದ ಆಟಗಾರರಲ್ಲ, ಮಧ್ಯ ಮೈದಾನದವರು. ಎದುರಾಳಿಯ ಕಾಲಿನಿಂದ ಚೆಂಡು ಕಸಿದು, ತಲೆಯೆತ್ತಿ ನೋಡಿ, ಮುಂದಿನವರಿಗೆ ಸರಿಯಾದ ಹೊತ್ತಿಗೆ ತಲುಪಿಸುವುದು ಆ ಜಾಗದ ಕೆಲಸ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಕ್ಲಿಯರಿಂಗ್ ವಿಭಾಗ. ಎಲ್ಲವೂ ಅಲ್ಲಿಂದಲೇ ಹಾದು ಹೋಗುತ್ತದೆ, ಆದರೆ ಗ್ರಾಹಕ ಕೈಕುಲುಕುವುದು ಮ್ಯಾನೇಜರಿಗೆ.

ಜೆಸಿಟಿಯ ಸುವರ್ಣ ಕಾಲ

1995ರಲ್ಲಿ ಅವರು ಪಂಜಾಬಿನ ಫಗ್ವಾಡದ ಜೆಸಿಟಿ ಮಿಲ್ಸ್ ತಂಡಕ್ಕೆ ಹೋದರು. ಸಿಕ್ಕಿಂನ ಬೈಚುಂಗ್ ಭುಟಿಯಾ, ಕೇರಳದ ಐ.ಎಂ. ವಿಜಯನ್, ಬೆಂಗಳೂರಿನ ಚಾಪ್‌ಮನ್ ಮೂವರೂ ಒಂದೇ ತಂಡದಲ್ಲಿ ಕೂಡಿದರು. 1996-97ರಲ್ಲಿ ಮೊದಲ ಬಾರಿಗೆ ರಾಷ್ಟ್ರೀಯ ಫುಟ್ಬಾಲ್ ಲೀಗ್ ನಡೆದಾಗ ಜೆಸಿಟಿ ಚಾಂಪಿಯನ್ ಆಯಿತು. ಭುಟಿಯಾ 14 ಗೋಲು ಹೊಡೆದು ಅಗ್ರಸ್ಥಾನ ಪಡೆದರು. ಆ ಗೋಲುಗಳ ಹಿಂದೆ ಮಧ್ಯ ಮೈದಾನದ ದುಡಿಮೆ ಎಷ್ಟಿತ್ತೆಂಬುದು ಆಟ ಬಲ್ಲವರಿಗೆ ಗೊತ್ತು.

ಅಲ್ಲಿಂದ 1997ರಲ್ಲಿ ಹೊಸದಾಗಿ ಹುಟ್ಟಿದ ಎಫ್‌ಸಿ ಕೊಚ್ಚಿನ್, ಮರುವರ್ಷ ಮತ್ತೆ ಈಸ್ಟ್ ಬೆಂಗಾಲ್. ಸ್ಯಾಫ್ ಕಪ್ ಗೆದ್ದ 1997ರ ಭಾರತ ತಂಡದಲ್ಲಿ ಅವರಿದ್ದರು. 2000-01ರಲ್ಲಿ ಈಸ್ಟ್ ಬೆಂಗಾಲ್ ಮೊದಲ ಬಾರಿಗೆ ರಾಷ್ಟ್ರೀಯ ಲೀಗ್ ಗೆದ್ದಾಗ ತಂಡದ ನಾಯಕ ಚಾಪ್‌ಮನ್. ಕೋಚ್ ಆಗಿದ್ದವರು ಅದೇ ಕ್ಲಬ್ಬಿನ ಹಳೆಯ ಆಟಗಾರ ಮನೋರಂಜನ್ ಭಟ್ಟಾಚಾರ್ಯ. ಕೊಲ್ಕತ್ತಾದಂತಹ ಊರಿನಲ್ಲಿ, ಬಂಗಾಳಿಗಳ ಅಭಿಮಾನದ ಕ್ಲಬ್ಬಿಗೆ ಬೆಂಗಳೂರಿನ ಹುಡುಗನೊಬ್ಬ ನಾಯಕನಾಗಿ ಕಪ್ ತಂದುಕೊಟ್ಟದ್ದು ಅಹ್ಮದ್ ಖಾನ್ ಹಾಕಿಕೊಟ್ಟ ದಾರಿಯ ಮುಂದುವರಿಕೆ ಎಂದರೆ ತಪ್ಪಾಗಲಾರದು. ಅದೇ ವರ್ಷ, 30ನೇ ವಯಸ್ಸಿಗೆ ಅವರು ವೃತ್ತಿಪರ ಆಟಕ್ಕೆ ವಿದಾಯ ಹೇಳಿದರು.

30ಕ್ಕೆ ನಿವೃತ್ತಿ, ಮುಂದೇನು?

ನಮ್ಮಂಥ ಬ್ಯಾಂಕ್ ನೌಕರರಿಗೆ ನಿವೃತ್ತಿ ವಯಸ್ಸು 60. ಫುಟ್ಬಾಲ್ ಆಟಗಾರನಿಗೆ ಅದು 30-35. ಮಗಳನ್ನು ಶಾಲೆಗೆ ಸೇರಿಸುವ, ಮನೆ ಸಾಲಕ್ಕೆ ಅರ್ಜಿ ಹಾಕುವ ವಯಸ್ಸಿನಲ್ಲಿ ಅವನ ಕೆಲಸ ಮುಗಿದಿರುತ್ತದೆ.

ಹಿಂದೆ ಇದಕ್ಕೊಂದು ವ್ಯವಸ್ಥೆಯಿತ್ತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಶಾಖೆಯಲ್ಲಿ ಕ್ರೀಡಾ ಕೋಟಾದಲ್ಲಿ ಬಂದ ಹಿರಿಯರೊಬ್ಬರಿದ್ದರು. ಆಡುತ್ತಿದ್ದ ಕಾಲದಲ್ಲಿ ಮಧ್ಯಾಹ್ನದ ಊಟವಾದ ಕೂಡಲೇ ಅಭ್ಯಾಸಕ್ಕೆ ಹೋಗಲು ಅವರಿಗೆ ಅನುಮತಿ ಇತ್ತಂತೆ. ಮೊಣಕಾಲು ಕೈಕೊಟ್ಟ ಮೇಲೆ ಕೌಂಟರಿಗೆ ಬಂದು ಕುಳಿತರು. ಲೆಡ್ಜರ್ ಬರೆಯುವುದನ್ನು 36ನೇ ವಯಸ್ಸಿನಲ್ಲಿ ಕಲಿತೆ ಎಂದು ನಗುತ್ತಾ ಹೇಳುತ್ತಿದ್ದರು. ಬಡ್ತಿ ಅವರಿಗೆ ಸಿಗಲಿಲ್ಲ, ಆದರೆ ತಿಂಗಳ ಕೊನೆಗೆ ಸಂಬಳ ತಪ್ಪಲಿಲ್ಲ. ಭವಿಷ್ಯನಿಧಿ, ಪಿಂಚಣಿ ಎಲ್ಲವೂ ಬಂತು. ಐಟಿಐ, ಎಚ್‌ಎಎಲ್, ರೈಲ್ವೆ, ಬ್ಯಾಂಕು, ಪೊಲೀಸ್ ತಂಡಗಳ ಸಾವಿರಾರು ಆಟಗಾರರ ಬದುಕು ಹೀಗೇ ದಡ ಸೇರಿತು.

1996ರಲ್ಲಿ ರಾಷ್ಟ್ರೀಯ ಲೀಗ್ ಬಂದು ಆಟ ವೃತ್ತಿಪರವಾಯಿತು. ಆಟಗಾರನ ಕೈಗೆ ಮೊದಲಿಗಿಂತ ಹೆಚ್ಚು ಹಣ ಬಂತು, ಅದು ಒಳ್ಳೆಯದೇ. ಆದರೆ ಉದ್ಯೋಗದ ಬದಲು ಕರಾರು ಪತ್ರ ಬಂತು. ಋತು ಮುಗಿದರೆ ಕರಾರು ಮುಗಿಯಿತು. ಚಾಪ್‌ಮನ್ ಪೀಳಿಗೆ ನಿಂತದ್ದು ಈ ಎರಡು ಕಾಲಗಳ ಹೊಸ್ತಿಲ ಮೇಲೆ. ಅವರು ಆಡಿದ ಸಂಸ್ಥೆಗಳ ಗತಿಯನ್ನೇ ನೋಡಿ: ದೊಡ್ಡ ಕನಸಿನೊಂದಿಗೆ ಹುಟ್ಟಿ ಮೊದಲ ವರ್ಷವೇ ಡ್ಯುರಾಂಡ್ ಕಪ್ ಗೆದ್ದ ಎಫ್‌ಸಿ ಕೊಚ್ಚಿನ್ ಕೆಲವೇ ವರ್ಷಗಳಲ್ಲಿ ಹಣವಿಲ್ಲದೆ ಮುಚ್ಚಿತು. ಲೀಗಿನ ಮೊದಲ ಚಾಂಪಿಯನ್ ಜೆಸಿಟಿ 2011ರಲ್ಲಿ ತಂಡವನ್ನೇ ವಿಸರ್ಜಿಸಿತು. ಮೂರರಲ್ಲಿ ಉಳಿದದ್ದು ಈಸ್ಟ್ ಬೆಂಗಾಲ್ ಒಂದೇ.

ಶಿಳ್ಳೆ ಹಿಡಿದು ಎರಡನೆಯ ಇನ್ನಿಂಗ್ಸ್

ಆಟ ಬಿಟ್ಟ ಚಾಪ್‌ಮನ್ ಮೊದಲು ಹೋದದ್ದು ತಾವು ಕಲಿತ ಟಾಟಾ ಅಕಾಡೆಮಿಗೇ, ಈ ಸಲ ಕೋಚ್ ಆಗಿ. 2002ರಲ್ಲಿ ಎರಡನೆಯ ದರ್ಜೆಯ ರಾಷ್ಟ್ರೀಯ ಲೀಗಿನಲ್ಲಿ ಆಡಿದ ಅಕಾಡೆಮಿ ಹುಡುಗರಿಗೆ ಮಾರ್ಗದರ್ಶನ ಮಾಡಿದರು. ಅನಂತರ ಮೇಘಾಲಯದ ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೊ ಕ್ಲಬ್. ಈಶಾನ್ಯದ ಗುಡ್ಡಗಾಡಿನ ಹುಡುಗರು ಭಾರತದ ಫುಟ್ಬಾಲನ್ನು ಆವರಿಸಿಕೊಳ್ಳುತ್ತಿದ್ದ ಕಾಲ ಅದು. ಸ್ಥಳೀಯ ಲೀಗಿನ ಆ ಕ್ಲಬ್ಬು ಪ್ರಶಸ್ತಿ ಗೆಲ್ಲುವ ಮಟ್ಟಕ್ಕೆ ಬೆಳೆದದ್ದು ಅವರಿದ್ದ ವರ್ಷಗಳಲ್ಲಿ. 2014-15ರಲ್ಲಿ ಅದೇ ಕ್ಲಬ್ಬು ಐ-ಲೀಗ್‌ನಲ್ಲಿ ಮೂರನೆಯ ಸ್ಥಾನ ಪಡೆದು ದೇಶವನ್ನೇ ಬೆರಗುಗೊಳಿಸಿತು. ಆ ಹೊತ್ತಿಗೆ ಕೋಚ್ ಬೇರೆಯವರಾಗಿದ್ದರು. ಬಿತ್ತಿದವರೇ ಕೊಯ್ಯಬೇಕೆಂಬ ನಿಯಮ ಈ ವೃತ್ತಿಯಲ್ಲಿಲ್ಲ. ಆ ಯಶಸ್ಸಿನ ಬೆನ್ನಿಗೇ ಆ ಕ್ಲಬ್ಬು ಕೂಡ ಐ-ಲೀಗಿನಿಂದ ಹೊರಬಂತು.

ಮುಂದೆ ಕೊಲ್ಕತ್ತಾದ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ದೆಹಲಿಯ ಸುದೇವ ಮೂನ್‌ಲೈಟ್, ಕೊನೆಗೆ 2017ರ ಸುಮಾರಿಗೆ ಕಲ್ಲಿಕೋಟೆಯ ಕ್ವಾರ್ಟ್ಜ್ ಕ್ಲಬ್ಬಿನ ತಾಂತ್ರಿಕ ನಿರ್ದೇಶಕ ಹುದ್ದೆ. ಈ ಪಟ್ಟಿಯಲ್ಲಿ ದೂರದರ್ಶನದಲ್ಲಿ ಪಂದ್ಯ ಕಾಣುವ ದೊಡ್ಡ ಕ್ಲಬ್ಬು ಒಂದೂ ಇಲ್ಲ. ಎಲ್ಲವೂ ಬುಡದ ಕೆಲಸ, 16-18ರ ಹುಡುಗರಿಗೆ ಎಲ್ಲಿ ನಿಲ್ಲಬೇಕು, ಯಾವಾಗ ಚೆಂಡು ಬಿಡಬೇಕು, ಸೋತ ಮೇಲೆ ಹೇಗೆ ಏಳಬೇಕು ಎಂದು ಕಲಿಸುವ ಕೆಲಸ. ಭಾರತ ತಂಡದ ನಾಯಕನಾಗಿದ್ದವರಿಗೆ ಇದು ಕೆಳಗಿನ ಮೆಟ್ಟಿಲು ಎಂದು ಅನಿಸಬಹುದಿತ್ತು. ಅವರು ಮಾತ್ರ ಬಿಡಲಿಲ್ಲ.

ಸ್ಕಾಟ್ಲೆಂಡಿನಿಂದ ಕಲಿಯಬೇಕಾದ್ದು

ಆಟಗಾರ ಕೋಚ್ ಆಗಿ ಬೆಳೆಯುವ ದಾರಿಗೆ ಜಗತ್ತಿನಲ್ಲೇ ಹೆಸರಾದ ನಾಡು ಸ್ಕಾಟ್ಲೆಂಡ್. ಆ ದೇಶದ ಜನಸಂಖ್ಯೆ ಸುಮಾರು 55 ಲಕ್ಷ, ನಮ್ಮ ಬೆಂಗಳೂರು ನಗರಕ್ಕಿಂತ ಕಡಿಮೆ. ನಮ್ಮ ಫುಟ್ಬಾಲಿಗೂ ಅವರ ನಂಟಿದೆ; 1888ರಲ್ಲಿ ಸಿಮ್ಲಾದಲ್ಲಿ ಆರಂಭವಾದ ಡ್ಯುರಾಂಡ್ ಕಪ್ಪನ್ನು ಮೊದಲು ಗೆದ್ದದ್ದು ರಾಯಲ್ ಸ್ಕಾಟ್ಸ್ ಫ್ಯುಸಿಲಿಯರ್ಸ್ ಪಲ್ಟಣ.

ಕಲ್ಲಿದ್ದಲು ಗಣಿಗಳ ಸೀಮೆಯಿಂದ ಬಂದ ಮ್ಯಾಟ್ ಬಸ್ಬಿ, ಜಾಕ್ ಸ್ಟೀನ್, ಬಿಲ್ ಶಾಂಕ್ಲಿ ಮೂವರೂ ಅಲ್ಲಿಯವರು. ಸ್ಟೀನ್ 1967ರಲ್ಲಿ ಸೆಲ್ಟಿಕ್‌ಗೆ, ಬಸ್ಬಿ 1968ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಯುರೋಪಿನ ಅತಿ ದೊಡ್ಡ ಕಪ್ ಗೆದ್ದುಕೊಟ್ಟರು. ಅವರ ನಂತರದ ಅಲೆಕ್ಸ್ ಫರ್ಗ್ಯುಸನ್ ಗ್ಲಾಸ್ಗೋದ ಹಡಗು ಕಟ್ಟೆ ಕಾರ್ಮಿಕನ ಮಗ. ಕಾರ್ಖಾನೆಯಲ್ಲಿ ಉಪಕರಣ ತಯಾರಿಸುವ ಕೆಲಸ ಕಲಿಯುತ್ತಲೇ ಆಟವಾಡಿದವರು. ಆಟಗಾರನಾಗಿ ದೊಡ್ಡ ಹೆಸರೇನೂ ಮಾಡಲಿಲ್ಲ. 1974ರಲ್ಲಿ 32ನೇ ವಯಸ್ಸಿಗೆ ಈಸ್ಟ್ ಸ್ಟರ್ಲಿಂಗ್‌ಷೈರ್ ಎಂಬ ಪುಟ್ಟ ಕ್ಲಬ್ಬಿನಲ್ಲಿ ಅರೆಕಾಲಿಕ ಮ್ಯಾನೇಜರ್ ಆದರು. ಎರಡನೆಯ ಕ್ಲಬ್ಬು ಸೇಂಟ್ ಮಿರೆನ್ 1978ರಲ್ಲಿ ಅವರನ್ನು ಕೆಲಸದಿಂದ ತೆಗೆದುಹಾಕಿತು. ಆದರೂ ಅಬರ್ಡೀನ್ ಕರೆಯಿತು. 1983ರಲ್ಲಿ ಅವರ ಅಬರ್ಡೀನ್ ರಿಯಲ್ ಮ್ಯಾಡ್ರಿಡನ್ನು ಸೋಲಿಸಿ ಯುರೋಪಿನ ಕಪ್ ವಿನ್ನರ್ಸ್ ಕಪ್ ಗೆದ್ದಿತು. 1986ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದರೂ ಮೊದಲ ಪ್ರಶಸ್ತಿಗೆ 1990ರವರೆಗೆ ಕಾಯಬೇಕಾಯಿತು. 2013ರಲ್ಲಿ ನಿವೃತ್ತರಾಗುವಾಗ ಅಲ್ಲಿ 38 ಪ್ರಶಸ್ತಿ ಗೆದ್ದಿದ್ದರು.

ಫರ್ಗ್ಯುಸನ್ ಪ್ರತಿಭಾವಂತರು, ಅದರಲ್ಲಿ ಅನುಮಾನವಿಲ್ಲ. ಆದರೆ ಅವರ ಕಾಲಿನ ಕೆಳಗೆ ಒಂದು ಏಣಿ ಇತ್ತು. ಸಣ್ಣ ಕ್ಲಬ್ಬಿನಿಂದ ಮಧ್ಯಮ ಕ್ಲಬ್ಬಿಗೆ, ಅಲ್ಲಿಂದ ದೊಡ್ಡದಕ್ಕೆ. ಒಂದು ಮೆಟ್ಟಿಲಿನಿಂದ ತಳ್ಳಿದರೆ ಹಿಡಿದುಕೊಳ್ಳಲು ಇನ್ನೊಂದು ಮೆಟ್ಟಿಲು. ಮತ್ತು ಆ ಕ್ಲಬ್ಬುಗಳು ನಿನ್ನೆ ಹುಟ್ಟಿ ನಾಳೆ ಮುಚ್ಚುವಂಥವಲ್ಲ, ನೂರು ವರ್ಷದವು. ಚಾಪ್‌ಮನ್ ಹತ್ತಿದ ಏಣಿಯಲ್ಲಿ ಹೆಚ್ಚಿನ ಮೆಟ್ಟಿಲುಗಳು ಅವರ ಕಣ್ಣೆದುರಿಗೇ ಕಳಚಿ ಬಿದ್ದವು.

ಪುಣೆಯಲ್ಲೂ ಅದೇ ಕಥೆ

ಇದನ್ನು ನಾವು ಬಾಲೆವಾಡಿಯಲ್ಲೇ ಕಂಡಿದ್ದೇವೆ. 2007ರಲ್ಲಿ ಆರಂಭವಾದ ಪುಣೆ ಎಫ್‌ಸಿ ಗೋವಾದ ಮಾಜಿ ಆಟಗಾರ ಡೆರಿಕ್ ಪೆರೇರಾ ಅವರ ತರಬೇತಿಯಲ್ಲಿ 2012-13ರ ಐ-ಲೀಗ್‌ನಲ್ಲಿ ಎರಡನೆಯ ಸ್ಥಾನ ಪಡೆಯಿತು. ನಮ್ಮ ಬೆಂಗಳೂರಿನ ಎಚ್‌ಎಎಲ್ ಐ-ಲೀಗ್‌ನಲ್ಲಿದ್ದ 2010-11 ಮತ್ತು 2011-12ರ ಋತುಗಳಲ್ಲಿ ಪುಣೆ ಎಫ್‌ಸಿ ವಿರುದ್ಧ ಆಡಿದ್ದನ್ನು ಕೆಲವರಾದರೂ ನೋಡಿರಬೇಕು. 2015ರಲ್ಲಿ ಪುಣೆ ಎಫ್‌ಸಿ ನಿಂತಿತು. ಐಎಸ್‌ಎಲ್‌ನ ಎಫ್‌ಸಿ ಪುಣೆ ಸಿಟಿ 2014ರಲ್ಲಿ ಬಂದು 2019ರಲ್ಲಿ ಹೋಯಿತು. ಅದಕ್ಕೆ ಖಾಯಂ ಮುಖ್ಯ ಕೋಚ್‌ಗಳಾಗಿ ಬಂದವರು ಇಟಲಿ, ಇಂಗ್ಲೆಂಡ್, ಸ್ಪೇನ್, ಸರ್ಬಿಯಾದವರು. ಅವರಿಂದ ಕಲಿಯುವುದು ಇದ್ದೇ ಇದೆ. ಆದರೆ ಎಲ್ಲ ಕುರ್ಚಿಗಳೂ ಹೊರದೇಶದವರಿಗಾದರೆ 30ಕ್ಕೆ ಬೂಟು ಕಳಚಿದ ನಮ್ಮ ಹುಡುಗ ಯಾವ ಕುರ್ಚಿಯ ಕನಸು ಕಾಣಬೇಕು?

ಹಾಗೆಂದು ನಿರಾಶೆಯೇ ಬೇಡ. 2021ರಲ್ಲಿ ಮಾಜಿ ಆಟಗಾರ ಖಾಲಿದ್ ಜಮೀಲ್ ಐಎಸ್‌ಎಲ್ ತಂಡವೊಂದರ ಪೂರ್ಣಾವಧಿ ಮುಖ್ಯ ಕೋಚ್ ಆದ ಮೊದಲ ಭಾರತೀಯರೆನಿಸಿಕೊಂಡರು, 2025ರಲ್ಲಿ ಭಾರತ ತಂಡದ ಕೋಚ್ ಆದರು. ಬೆಂಗಳೂರಿನವರೇ ಆದ, ಭಾರತ ತಂಡದ ಮಾಜಿ ನಾಯಕ ಷಣ್ಮುಗಂ ವೆಂಕಟೇಶ್ ಅವರ ತರಬೇತಿಯಲ್ಲಿ 2022ರಲ್ಲಿ ನಮ್ಮ 20ರೊಳಗಿನವರು ಸ್ಯಾಫ್ ಪ್ರಶಸ್ತಿ ಗೆದ್ದರು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಎತ್ತಿ ಹಿಡಿಯಿತು. ಆ ತಂಡದ ಕೋಚ್ ರವಿ ಬಾಬು ರಾಜು ಅವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಚಾಪ್‌ಮನ್ ಬದುಕಿದ್ದರೆ ಅಂದು ಅತ್ಯಂತ ಸಂತೋಷಪಡುವವರಲ್ಲಿ ಒಬ್ಬರಾಗಿರುತ್ತಿದ್ದರು.

ಸಂಘ-ಸಂಸ್ಥೆಗಳು ಯೋಚಿಸಬೇಕಾದ್ದು

ನಮ್ಮ ಕನ್ನಡ ಸಂಘಗಳು ಪ್ರತಿ ವರ್ಷ ಕ್ರೀಡಾಕೂಟ ನಡೆಸುತ್ತವೆ. ಸಾಧನೆ ಮಾಡಿದ ಮಕ್ಕಳಿಗೆ ಶಾಲು ಹೊದಿಸಿ, ಫಲಪುಷ್ಪ, ಸ್ಮರಣಿಕೆ ನೀಡಿ ಗೌರವಿಸುತ್ತವೆ. ಇದು ಅಭಿನಂದನೀಯ. ಆದರೆ ಇದುವರೆಗೆ ವೇದಿಕೆಗೆ ಎಷ್ಟು ಕೋಚ್‌ಗಳನ್ನು ಕರೆದಿದ್ದೇವೆ? ಬೆಳಗ್ಗೆ 6 ಗಂಟೆಗೆ ಮೈದಾನದಲ್ಲಿ ನಮ್ಮ ಮಗುವಿಗೆ ಕಾಯುತ್ತಾ ನಿಂತವರ ಹೆಸರು ಸನ್ಮಾನ ಪತ್ರದಲ್ಲಿ ಇರುವುದು ಅಪರೂಪ.

ಇನ್ನೊಂದು ಮಾತು. ಈಗ ಕೋಚ್ ಆಗಲು ಕ್ರಮಬದ್ಧ ಶಿಕ್ಷಣವಿದೆ. ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ ಡಿ, ಸಿ, ಬಿ, ಎ ಎಂದು ಹಂತಹಂತವಾಗಿ ಲೈಸೆನ್ಸ್ ತರಗತಿಗಳನ್ನು ನಡೆಸುತ್ತದೆ. ಅತ್ಯುನ್ನತವಾದದ್ದು ಪ್ರೊ ಲೈಸೆನ್ಸ್. ದೊಡ್ಡ ಲೀಗಿನಲ್ಲಿ ಮುಖ್ಯ ಕೋಚ್ ಆಗಬೇಕಾದರೆ ಮೇಲಿನ ದರ್ಜೆಯವೇ ಬೇಕು. ಬಿ.ಕಾಂ., ಸಿ.ಎ. ಓದುವ ಮಕ್ಕಳಿಗೆ ನಾವು ವಿದ್ಯಾರ್ಥಿ ವೇತನ ಕೊಡುತ್ತೇವಲ್ಲ, ಅದೇ ನಿಧಿಯಿಂದ ಆಟ ಬಿಟ್ಟ ಯುವಕನೊಬ್ಬನಿಗೆ ಅಥವಾ ಯುವತಿಯೊಬ್ಬಳಿಗೆ ಡಿ ಲೈಸೆನ್ಸಿನ ಶುಲ್ಕ ಕೊಟ್ಟರೆ ಹೇಗೆ? ಆ ಒಬ್ಬರಿಂದ ವರ್ಷಕ್ಕೆ ಹತ್ತಾರು ಮಕ್ಕಳು ಕಲಿಯುತ್ತಾರೆ. ಠೇವಣಿಯ ಲೆಕ್ಕದಲ್ಲಿ ಹೇಳುವುದಾದರೆ ಇದು ಚಕ್ರಬಡ್ಡಿ.

ಮಕ್ಕಳು ಆಟಕ್ಕೆ ಹೋಗುತ್ತೇವೆ ಎಂದರೆ ಮುಂದೇನು ಗತಿ ಎಂದು ಕೇಳುವ ತಂದೆತಾಯಿಯರನ್ನು ನಾನು ಬೈಯುವುದಿಲ್ಲ. ಅದು ನ್ಯಾಯವಾದ ಪ್ರಶ್ನೆ. ಆಟದ ಜೊತೆ ಪದವಿಯೊಂದು ಇರಲಿ, ಕರಾರಿನ ಹಣ ಬಂದಾಗ ವಿಮೆ, ಭವಿಷ್ಯನಿಧಿಗಳಿಗೆ ಒಂದಿಷ್ಟು ಎತ್ತಿಡಲಿ, 25 ದಾಟುವಷ್ಟರಲ್ಲಿ ಮೊದಲ ಕೋಚಿಂಗ್ ಲೈಸೆನ್ಸ್ ಕೈಯಲ್ಲಿರಲಿ. ಇಷ್ಟು ಮಾಡಿದರೆ ಆ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ. ಉಳಿದರ್ಧವನ್ನು ಕ್ಲಬ್ಬುಗಳು, ಸರಕಾರ, ನಮ್ಮಂಥ ಸಂಘಗಳು ಕೊಡಬೇಕು.

ಜಮ್ಶೆಡ್‌ಪುರ, ಶಿಲ್ಲಾಂಗ್, ಕಲ್ಲಿಕೋಟೆಗಳಲ್ಲಿ ಚಾಪ್‌ಮನ್ ಕೈಯಲ್ಲಿ ಕಲಿತ ಹುಡುಗರು ಇಂದು ಯಾವುದೋ ಮೈದಾನದಲ್ಲಿ ಆಡುತ್ತಿರಬಹುದು, ಕೆಲವರು ತಾವೇ ಕಲಿಸುತ್ತಿರಬಹುದು. ಬರುವ ವಾರ್ಷಿಕ ಕ್ರೀಡಾಕೂಟದ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಅದರಲ್ಲಿ ಒಬ್ಬ ಕೋಚ್ ಹೆಸರಿಗೆ ಜಾಗವಿದೆಯೇ ಎಂದು ನಮ್ಮ ಪದಾಧಿಕಾರಿಗಳು ಒಮ್ಮೆ ನೋಡಲಿ.